‘ಹಾರ್ಟ್ ಅಟ್ಯಾಕ್ ಅಂತೆ’ ಎಂಬ ಒಂದು ಮಾತು ಸಾಲದು



“ರಾತ್ರಿ ಊಟ ಮಾಡಿ ಮಲಗಿದ್ದ. ಸುಬ್‌ಹಿಗೆ ಎಬ್ಬಿಸಲು ಹೋದರೆ ಏಳಲೇ ಇಲ್ಲ.” ಹೊರದೇಶದಲ್ಲಿ ದುಡಿಯುವವರಲ್ಲಿ ಈ ಮಾತನ್ನು ಕೇಳದವರು ಇರಲಿಕ್ಕಿಲ್ಲ. ಸತ್ತವನ ವಯಸ್ಸು ಮೂವತ್ತೋ ಮೂವತ್ತೈದೋ ಇರುತ್ತದೆ. ಬಿಪಿ ಇಲ್ಲ, ಶುಗರ್ ಇಲ್ಲ, ಹಿಂದಿನ ದಿನವೂ ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದ ಮನುಷ್ಯ. ವಾಟ್ಸಾಪ್‌ನಲ್ಲಿ ಸುದ್ದಿ ಹರಿದಾಡುತ್ತದೆ, ಎಲ್ಲರೂ ದುಆ ಮಾಡುತ್ತೇವೆ, ಮಯ್ಯತ್ ಊರಿಗೆ ಕಳುಹಿಸುವುದಕ್ಕೆ ಓಡಾಡುತ್ತೇವೆ, ಮನೆಯವರಿಗೆ ಕೈಲಾದಷ್ಟು ಹಣ ಒಟ್ಟು ಮಾಡುತ್ತೇವೆ. ಏನಾಗಿತ್ತು ಅಂತ ಯಾರಾದರೂ ಕೇಳಿದರೆ ಒಂದೇ ಉತ್ತರ: “ಹಾರ್ಟ್ ಅಟ್ಯಾಕ್ ಅಂತೆ.” ಅಲ್ಲಿಗೆ ಮಾತು ಮುಗಿಯುತ್ತದೆ.

ಈ ಸಂಚಿಕೆಯಲ್ಲಿ ಆ ಮಾತನ್ನು ಅಲ್ಲಿಗೇ ಮುಗಿಸದೆ ಸ್ವಲ್ಪ ಮುಂದಕ್ಕೆ ಒಯ್ಯೋಣ ಅಂತ. ಯಾಕೆಂದರೆ ಹೋದವನ ಹಿಂದೆ ಅವನ ಅಣ್ಣತಮ್ಮಂದಿರಿದ್ದಾರೆ, ಮಕ್ಕಳಿದ್ದಾರೆ. ಅವನ ಎದೆಯಲ್ಲಿದ್ದ ತೊಂದರೆ ಅವರ ಎದೆಯಲ್ಲೂ ಇರಬಹುದು. ಅದನ್ನು ಪತ್ತೆ ಮಾಡುವ ಮೊದಲ ಸಾಧನ ದುಬಾರಿಯದ್ದೂ ಅಲ್ಲ, ದೂರದ್ದೂ ಅಲ್ಲ. ಹತ್ತು ನಿಮಿಷದಲ್ಲಿ ಮುಗಿಯುವ ಇಸಿಜಿ. ಬರೆಯುವ ನಾನು ಲೆಕ್ಕಪತ್ರದವನು, ವೈದ್ಯನಲ್ಲ. ಇಲ್ಲಿರುವುದು ವೈದ್ಯರು ಒಪ್ಪಿರುವ ವಿಷಯಗಳು. ನಿಮ್ಮ ವಿಷಯದಲ್ಲಿ ತೀರ್ಮಾನ ನಿಮ್ಮ ವೈದ್ಯರದ್ದು.

ಮೊದಲು ಒಂದು ವ್ಯತ್ಯಾಸ ಗೊತ್ತಿರಬೇಕು. ಹಾರ್ಟ್ ಅಟ್ಯಾಕ್ ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಅದು ಪೈಪಿನ ತೊಂದರೆ. ಇನ್ನೊಂದು ಕರೆಂಟಿನ ತೊಂದರೆ. ಹೃದಯದ ಪ್ರತಿ ಮಿಡಿತವೂ ಒಂದು ಸಣ್ಣ ವಿದ್ಯುತ್ ಅಲೆಯಿಂದ ಆಗುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಕಣಗಳು ಹೃದಯದ ಜೀವಕೋಶಗಳ ಒಳಗೂ ಹೊರಗೂ ಹೋಗಿ ಬರುವ ಬಾಗಿಲುಗಳಿಂದ ಆ ಅಲೆ ಹುಟ್ಟುತ್ತದೆ. ಹುಟ್ಟಿನಿಂದಲೇ ಆ ಬಾಗಿಲುಗಳಲ್ಲಿ ದೋಷವಿದ್ದರೆ, ಒಂದು ದಿನ ಅಲೆ ದಾರಿ ತಪ್ಪಿ, ಹೃದಯದ ಕೆಳಗಿನ ಕೋಣೆಗಳು ಮಿಡಿಯುವ ಬದಲು ಬರೀ ಅದುರಲು ಶುರುಮಾಡುತ್ತವೆ. ರಕ್ತ ಮುಂದೆ ಹೋಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಇಂಥವರ ನಾಳಗಳು ಸ್ವಚ್ಛವಾಗಿರಬಹುದು, ಹೃದಯದ ಆಕಾರವೂ ಸರಿಯಾಗಿರಬಹುದು. ಪೋಸ್ಟ್‌ಮಾರ್ಟಂ ಮಾಡಿದವರಿಗೂ ಕಣ್ಣಿಗೆ ಏನೂ ಕಾಣುವುದಿಲ್ಲ. ಮನೆಯ ವೈರಿಂಗ್ ಸುಟ್ಟುಹೋದದ್ದು ಗೋಡೆ ನೋಡಿದರೆ ಗೊತ್ತಾಗುತ್ತದೆಯೇ?

ಇದು ಎಲ್ಲೋ ದೂರದ ಕಥೆ ಅಲ್ಲ. ನಾವು ಕೆಲಸ ಮಾಡುವ ಈ ಮಲೇಷ್ಯಾದ ಪಕ್ಕದಲ್ಲೇ, ಜೋಹೋರಿನ ಸೇತುವೆ ದಾಟಿದರೆ ಸಿಗುವ ಸಿಂಗಾಪುರದಲ್ಲಿ 1982ರಿಂದ 1990ರವರೆಗೆ 230 ಥಾಯ್ ಕಾರ್ಮಿಕರು ಹೀಗೆ ಸತ್ತರು. ಹೆಚ್ಚಿನವರು ಕಟ್ಟಡ ಕೆಲಸಕ್ಕೆ ಬಂದಿದ್ದ ಯುವಕರು. ಆರೋಗ್ಯವಂತರು ಅಂತಲೇ ಎಲ್ಲರೂ ತಿಳಿದಿದ್ದವರು, ನಿದ್ದೆಯಲ್ಲೇ ಹೋದರು. ಅದಕ್ಕೂ ಮೊದಲು, 1977ರ ಆಚೆಗೆ, ಲಾವೋಸ್‌ನಿಂದ ಅಮೆರಿಕಕ್ಕೆ ನಿರಾಶ್ರಿತರಾಗಿ ಹೋದ ಹಮಾಂಗ್ ಜನಾಂಗದ ಯುವಕರಲ್ಲೂ ಇಂಥದ್ದೇ ಸಾವುಗಳು ಕಂಡಿದ್ದವು. ಹಾಗೆ ನೋಡಿದರೆ ಆಗ್ನೇಯ ಏಷ್ಯಾದ ಹಳ್ಳಿಗಳಿಗೆ ಇದು ಹಳೆಯ ಪರಿಚಯ. ಥಾಯ್ಲೆಂಡಿನಲ್ಲಿ ಇದಕ್ಕೆ ‘ಲೈ ತಾಯ್’ ಎನ್ನುತ್ತಾರೆ, ಫಿಲಿಪ್ಪೀನ್ಸ್‌ನಲ್ಲಿ ‘ಬಂಗುಂಗೊಟ್’, ಜಪಾನಿನಲ್ಲಿ ‘ಪೊಕ್ಕುರಿ’. ಗಂಡಸರನ್ನು ಎಳೆದುಕೊಂಡು ಹೋಗುವ ವಿಧವೆಯ ಪ್ರೇತ ಬರುತ್ತದೆ ಅಂತ ಥಾಯ್ ಹಳ್ಳಿಗಳಲ್ಲಿ ನಂಬಿದ್ದರು. ಅದಕ್ಕೆ ಮೋಸ ಮಾಡಲು ಗಂಡಸರು ಉಗುರಿಗೆ ಕೆಂಪು ಬಣ್ಣ ಹಚ್ಚಿಕೊಂಡು ಹೆಂಗಸರಂತೆ ಮಲಗುತ್ತಿದ್ದರು. ನಗಬೇಡಿ. ಕಾರಣ ಗೊತ್ತಿಲ್ಲದ ಸಾವಿನ ಮುಂದೆ ಎಲ್ಲ ಊರಿನವರೂ ಒಂದೇ. ನಮ್ಮ ತುಳುನಾಡಿನಲ್ಲೂ ಇಂಥ ಸಾವಿಗೆ ಯಾರದೋ ಕಣ್ಣು, ಯಾವುದೋ ಸೋಂಕು ಅಂತ ಹೇಳುವವರು ಇದ್ದಾರೆ.

ಇದರ ಸುಳಿವು ಸಿಕ್ಕಿದ್ದು ಬೇರೆ ಕಡೆಯಿಂದ. 1986ರಲ್ಲಿ ಪೋಲೆಂಡಿನ ಮೂರು ವರ್ಷದ ಒಬ್ಬ ಹುಡುಗನನ್ನು ಹೃದಯತಜ್ಞ ಪೆಡ್ರೊ ಬ್ರುಗಾಡ ಅವರ ಬಳಿಗೆ ತಂದರು. ಅವನು ಪದೇ ಪದೇ ಪ್ರಜ್ಞೆ ತಪ್ಪುತ್ತಿದ್ದ. ಅವನ ಅಕ್ಕ ಎಳೆಯ ವಯಸ್ಸಿನಲ್ಲೇ ದಿಢೀರನೆ ತೀರಿಕೊಂಡಿದ್ದಳು. ಇಬ್ಬರ ಇಸಿಜಿ ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ತರದ ವಿಚಿತ್ರ ಆಕಾರ. 1992ರಲ್ಲಿ ಪೆಡ್ರೊ ಮತ್ತು ಅವರ ತಮ್ಮ ಜೋಸೆಪ್ ಅಂಥ ಎಂಟು ರೋಗಿಗಳ ವಿವರ ಪ್ರಕಟಿಸಿದರು. ಅಲ್ಲಿಂದ ಇದಕ್ಕೆ ಬ್ರುಗಾಡ ಸಿಂಡ್ರೋಮ್ ಅಂತ ಹೆಸರು. 1997ರಲ್ಲಿ ಥಾಯ್ಲೆಂಡಿನ ವೈದ್ಯರು, ಸಾವಿನ ಬಾಗಿಲಿಗೆ ಹೋಗಿ ಬಂದ ಅಥವಾ ಅಂಥ ಲಕ್ಷಣ ಇದ್ದ 27 ಗಂಡಸರನ್ನು ಪರೀಕ್ಷಿಸಿದಾಗ 16 ಜನರ ಇಸಿಜಿಯಲ್ಲಿ ಅದೇ ಆಕಾರ ಕಂಡಿತು. 1998ರಲ್ಲಿ ಇದರ ಹಿಂದಿರುವ ಮೊದಲ ಜೀನ್ ಸಿಕ್ಕಿತು. ಅದು ಹೃದಯದ ಸೋಡಿಯಂ ಬಾಗಿಲನ್ನು ಕಟ್ಟುವ ಜೀನ್. ಪ್ರೇತ ಅಂತ ಹೇಳುತ್ತಿದ್ದುದಕ್ಕೆ ಕಾಗದದ ಮೇಲೆ ಒಂದು ಗುರುತು ಸಿಕ್ಕಿತು.

ಆ ಗುರುತು ಎಂಥದ್ದು? ಇಸಿಜಿ ತೆಗೆಯುವಾಗ ಕೈಕಾಲುಗಳಿಗೆ ನಾಲ್ಕು, ಎದೆಗೆ ಆರು ತಂತಿ ಹಾಕುತ್ತಾರೆ. ಸಣ್ಣ ಚೌಕಗಳಿರುವ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡುತ್ತದೆ. ಪ್ರತಿ ಮಿಡಿತಕ್ಕೂ ಒಂದು ಸಣ್ಣ ಗುಡ್ಡ, ಆಮೇಲೆ ಒಂದು ಚೂಪಾದ ಶಿಖರ, ಆಮೇಲೆ ಒಂದು ಸಮತಟ್ಟಾದ ದಾರಿ, ಕೊನೆಗೆ ಇನ್ನೊಂದು ದುಂಡು ಗುಡ್ಡ ಮೂಡುತ್ತದೆ. ಎದೆಮೂಳೆಯ ಬಲಕ್ಕೂ ಎಡಕ್ಕೂ ಹಾಕುವ ಮೊದಲ ಎರಡು ತಂತಿಗಳಿಗೆ ವಿ-1, ವಿ-2 ಎನ್ನುತ್ತಾರೆ. ಬ್ರುಗಾಡದ ಗುರುತು ಕಾಣುವುದು ಮುಖ್ಯವಾಗಿ ಅಲ್ಲಿ. ಶಿಖರ ಇಳಿದ ಮೇಲೆ ಗೆರೆ ಕೆಳಗೆ ಬಂದು ಸಮತಟ್ಟಾಗುವ ಬದಲು, ಎರಡು ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಎತ್ತರದಲ್ಲೇ ನಿಂತು, ಮಕ್ಕಳ ಜಾರುಬಂಡೆಯ ಹಾಗೆ ಓರೆಯಾಗಿ ಇಳಿದು, ಕೊನೆಯ ಗುಡ್ಡ ತಲೆಕೆಳಗಾಗಿ ಹಳ್ಳವಾಗುತ್ತದೆ. ಇದು ಮೊದಲನೆಯ ಮಾದರಿ. ರೋಗ ಇದೆ ಅಂತ ಹೇಳಲು ವೈದ್ಯರು ಒಪ್ಪುವುದು ಇದನ್ನು ಮಾತ್ರ. ಎರಡನೆಯದು ಕುದುರೆಯ ಜೀನಿನ ಹಾಗೆ ನಡುವೆ ತಗ್ಗಿ ಎರಡೂ ಕಡೆ ಏರಿರುವ ಮಾದರಿ. ಅದು ಬರೀ ಸಂಶಯ. ಆರೋಗ್ಯವಂತರಲ್ಲೂ ಕಾಣಬಹುದು, ಅದಕ್ಕೆ ಮುಂದಿನ ಪರೀಕ್ಷೆ ಬೇಕು.

ಆ ಮುಂದಿನ ಪರೀಕ್ಷೆಯಲ್ಲಿ ನಮಗೆ ಹತ್ತಿರವಾದ ಒಂದು ಸಂಗತಿ ಉಂಟು. ಆಸ್ಪತ್ರೆಯಲ್ಲಿ ಮಾನಿಟರ್ ಹಾಕಿ, ತಜ್ಞರು ಎದುರಲ್ಲೇ ನಿಂತು, ಸೋಡಿಯಂ ಬಾಗಿಲನ್ನು ಸ್ವಲ್ಪ ಹೊತ್ತು ಅಡ್ಡಗಟ್ಟುವ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅಡಗಿದ್ದ ಆಕಾರ ಆಗ ಹೊರಗೆ ಬರುತ್ತದೆ. ಹೀಗೆ ಕೊಡುವ ಔಷಧಿಗಳಲ್ಲಿ ಒಂದರ ಹೆಸರು ಅಜ್ಮಲಿನ್. 1931ರಲ್ಲಿ ಸಲೀಮುಝ್ಝಮಾನ್ ಸಿದ್ದೀಖಿ ಎಂಬ ವಿಜ್ಞಾನಿ ದಿಲ್ಲಿಯಲ್ಲಿ ಅದನ್ನು ಸರ್ಪಗಂಧದ ಬೇರಿನಿಂದ ಬೇರ್ಪಡಿಸಿದರು. ತಮ್ಮನ್ನು ಕೈಹಿಡಿದು ನಡೆಸಿದ ಯುನಾನಿ ವೈದ್ಯ ಹಕೀಂ ಅಜ್ಮಲ್ ಖಾನ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ನಮ್ಮ ಮಣ್ಣಿನ ಬೇರಿನಿಂದ ಬಂದದ್ದು ಇಂದು ಜಗತ್ತಿನ ಆಸ್ಪತ್ರೆಗಳಲ್ಲಿ ಈ ರೋಗವನ್ನು ಬಯಲಿಗೆ ತರುತ್ತಿದೆ.

ಈ ರೋಗದ ಕಷ್ಟವೇ ಅಡಗಿ ಕೂರುವುದು. ಇವತ್ತು ಇಸಿಜಿಯಲ್ಲಿ ಕಂಡದ್ದು ನಾಳೆ ಕಾಣಲಿಕ್ಕಿಲ್ಲ. ಬೆಳಿಗ್ಗೆ ಸರಿಯಿದ್ದದ್ದು ರಾತ್ರಿ ಬದಲಾಗಬಹುದು. ಒಂದು ದಿನ ಗೋದಾಮಿನ ಸ್ಟಾಕ್ ಎಣಿಸಿ ಇಡೀ ವರ್ಷದ ಲೆಕ್ಕ ಸರಿ ಅಂತ ಯಾವ ಆಡಿಟರೂ ಸಹಿ ಹಾಕುವುದಿಲ್ಲ. ಹಾಗೆಯೇ ಸಂಶಯಕ್ಕೆ ಕಾರಣ ಇರುವವರು ಒಂದು ಇಸಿಜಿ ನಾರ್ಮಲ್ ಬಂತು ಅಂತ ಸುಮ್ಮನಾಗಬಾರದು. ಎದೆಯ ಮೇಲಿನ ವಿ-1, ವಿ-2 ತಂತಿಗಳನ್ನು ಮಾಮೂಲಿ ಜಾಗ ಬಿಟ್ಟು ಪಕ್ಕೆಲುಬಿನ ಒಂದೆರಡು ಸಂದು ಮೇಲೆ ಇಟ್ಟು ತೆಗೆದರೆ ಅಡಗಿದ್ದ ಗುರುತು ಕಾಣುವ ಸಾಧ್ಯತೆ ಹೆಚ್ಚು. “ನನ್ನ ಅಣ್ಣ ನಿದ್ದೆಯಲ್ಲಿ ತೀರಿಕೊಂಡಿದ್ದಾನೆ, ಬ್ರುಗಾಡ ಇದೆಯಾ ಅಂತ ನೋಡಬೇಕು” ಅಂತ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅಷ್ಟು ಹೇಳಿದರೆ ಅವರು ನೋಡುವ ರೀತಿಯೇ ಬೇರೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದ್ದು ಜ್ವರ. ದೋಷವಿರುವ ಸೋಡಿಯಂ ಬಾಗಿಲು ಮೈ ಬಿಸಿಯಾದಾಗ ಇನ್ನೂ ಕೆಡುತ್ತದೆ. ಸಾಧಾರಣ ದಿನಗಳಲ್ಲಿ ಕಾಣದ ಗುರುತು ಜ್ವರದಲ್ಲಿ ಎದ್ದು ಕಾಣುತ್ತದೆ, ಅಪಾಯವೂ ಆಗಲೇ ಹೆಚ್ಚು. ಡೆಂಗಿ ಬಿಡದೆ ಕಾಡುವ ದೇಶ ಇದು. ಡಾರ್ಮಿಟರಿಯಲ್ಲಿ ನೂರಾ ಮೂರು ಡಿಗ್ರಿ ಜ್ವರ ಇಟ್ಟುಕೊಂಡು, ಒಂದು ದಿನದ ಸಂಬಳ ಹೋಗುತ್ತದೆ ಅಂತ ಕೆಲಸಕ್ಕೆ ಹೋಗುವವರು, ಹೊದ್ದು ಮಲಗಿ ಬೆವರಿಸಿದರೆ ಸರಿಯಾಗುತ್ತದೆ ಎನ್ನುವವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಜ್ವರ ಬಂದ ಕೂಡಲೇ ಇಳಿಸಬೇಕು. ಇಲ್ಲಿ ಪನಡಾಲ್ ಅಂತ ಸಿಗುವ ಪ್ಯಾರಸಿಟಮಾಲ್ ಸರಿಯಾದ ಅಳತೆಯಲ್ಲಿ ಸಾಕು. ಡೆಂಗಿ ಸಂಶಯ ಇದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ, ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮನೆಯಲ್ಲಿ ನಿದ್ದೆಯ ಸಾವು ಆಗಿದ್ದವರಿಗೆ ಜ್ವರ ಬಂದರೆ ಅವತ್ತೇ ಇಸಿಜಿ ತೆಗೆಸಿ.

ಇನ್ನು ಕೆಲವು ಕಾರಣಗಳೂ ಉಂಟು. ಕೆಲವು ಖಿನ್ನತೆಯ ಮಾತ್ರೆಗಳು, ಕೆಲವು ಹೃದಯದ ಔಷಧಿಗಳು ಇವರಿಗೆ ಆಗುವುದಿಲ್ಲ. ಮದ್ಯಪಾನ ಆಗುವುದಿಲ್ಲ. ಹೊಟ್ಟೆ ಬಿರಿಯ ಅನ್ನ ಉಂಡು ತಕ್ಷಣ ಮಲಗುವುದೂ ಒಳ್ಳೆಯದಲ್ಲ ಅಂತ ವೈದ್ಯರು ಹೇಳುತ್ತಾರೆ. ರೆಸ್ಟೋರೆಂಟ್ ಕೆಲಸದ ನಮ್ಮ ಹುಡುಗರು ರಾತ್ರಿ ಎರಡು ಗಂಟೆಗೆ ಶಟರ್ ಎಳೆದು, ಆಮೇಲೆ ಉಂಡು, ಹಾಗೇ ಬಿದ್ದುಕೊಳ್ಳುವುದನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ.

ಈಗ ಮನೆಯವರ ವಿಷಯಕ್ಕೆ ಬರುತ್ತೇನೆ. ಇದು ತಂದೆಯಿಂದಲೋ ತಾಯಿಯಿಂದಲೋ ಬರುವಂಥದ್ದು. ಒಬ್ಬರಲ್ಲಿ ದೋಷದ ಜೀನ್ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡಿಗೂ ಬರಬಹುದು, ಹೆಣ್ಣಿಗೂ ಬರಬಹುದು. ಆದರೆ ರೋಗ ತೋರುವುದು ಗಂಡಸರಲ್ಲಿ ಎಂಟು ಹತ್ತು ಪಟ್ಟು ಹೆಚ್ಚು, ಅದೂ ನಲವತ್ತರ ಆಸುಪಾಸಿನಲ್ಲಿ, ಹೆಚ್ಚಾಗಿ ನಿದ್ದೆಯಲ್ಲಿ ಅಥವಾ ವಿಶ್ರಾಂತಿಯಲ್ಲಿ. ಅಂದರೆ ಮನೆಯ ದುಡಿಯುವ ಕೈ, ದುಡಿಯುವ ವಯಸ್ಸಿನಲ್ಲೇ. ತಾಯಿಗೆ ಏನೂ ಆಗದೆ ಮಗನಿಗೆ ಬರಬಹುದು. ಹಾಗಾಗಿ “ಅವನ ಉಪ್ಪನಿಗೆ ಎಂಬತ್ತು, ಗಟ್ಟಿಮುಟ್ಟಾಗಿದ್ದಾರೆ” ಎಂಬ ಸಮಾಧಾನ ಸಾಲುವುದಿಲ್ಲ. ಸತ್ತವನ ರಕ್ತಸಂಬಂಧಿಗಳು, ಅಂದರೆ ಉಪ್ಪ, ಉಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಎಲ್ಲರೂ ಒಮ್ಮೆ ಇಸಿಜಿ ತೆಗೆಸಿ ಹೃದಯತಜ್ಞರಿಗೆ ತೋರಿಸಬೇಕು. ಸತ್ತವನ ಹೃದಯ ಇನ್ನು ಏನೂ ಹೇಳಲಾರದು. ಅವನ ಪರವಾಗಿ ಹೇಳಬೇಕಾದದ್ದು ಬದುಕಿರುವವರ ಇಸಿಜಿ. ಜೀನ್ ಪರೀಕ್ಷೆಯೂ ಉಂಟು, ಆದರೆ ಈ ರೋಗ ಇರುವವರಲ್ಲಿ ಸುಮಾರು ಕಾಲು ಭಾಗದವರಲ್ಲಿ ಮಾತ್ರ ಆ ಮುಖ್ಯ ಜೀನ್‌ನ ದೋಷ ಸಿಗುತ್ತದೆ. ಮೊದಲು ಕಾಗದದ ಇಸಿಜಿ, ಉಳಿದದ್ದು ಆಮೇಲೆ.

ಇದೇ ಜಾತಿಯ ಇನ್ನೊಂದು ರೋಗ ಲಾಂಗ್ ಕ್ಯೂಟಿ. ಇಲ್ಲಿ ಶಿಖರ ಶುರುವಾದಲ್ಲಿಂದ ಕೊನೆಯ ಗುಡ್ಡ ಮುಗಿಯುವವರೆಗಿನ ಅಳತೆ ಇರಬೇಕಾದ್ದಕ್ಕಿಂತ ಉದ್ದ ಇರುತ್ತದೆ. ಇದು ಮಕ್ಕಳಲ್ಲಿ, ಹದಿಹರೆಯದವರಲ್ಲಿ ಕಾಣುವುದು ಹೆಚ್ಚು. ಓಡುವಾಗ, ಈಜುವಾಗ, ಅಲಾರಂ ಬಡಿದು ಬೆಚ್ಚಿಬಿದ್ದಾಗ ಮಗು ಪ್ರಜ್ಞೆ ತಪ್ಪುತ್ತದೆ. ಫಿಟ್ಸ್ ಅಂತ ತಿಳಿದು ವರ್ಷಗಟ್ಟಲೆ ಫಿಟ್ಸ್ ಮಾತ್ರೆ ಕೊಡುವುದುಂಟು. ಇದರಲ್ಲಿ ಒಂದು ಬಗೆ ಹುಟ್ಟು ಕಿವುಡುತನದ ಜೊತೆ ಬರುತ್ತದೆ. 1957ರಲ್ಲಿ ನಾರ್ವೆಯ ವೈದ್ಯರು ಒಂದೇ ಮನೆಯ ಕಿವುಡು ಮಕ್ಕಳಲ್ಲಿ ಇದನ್ನು ಗುರುತಿಸಿದರು. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಅದು ಬರುವುದರಿಂದ, ಸಂಬಂಧದಲ್ಲೇ ಮದುವೆಯಾಗುವ ಕುಟುಂಬಗಳಲ್ಲಿ ಸಾಧ್ಯತೆ ಹೆಚ್ಚು. ಊರಿನಲ್ಲಿ ಹುಟ್ಟುಕಿವುಡಾದ ಮಗು ಇದ್ದು, ಅದು ಆಗಾಗ ಬಿದ್ದುಹೋಗುತ್ತಿದ್ದರೆ, ತಡಮಾಡದೆ ಇಸಿಜಿ ತೆಗೆಸಿ. ಇದಕ್ಕೆ ಬೀಟಾ ಬ್ಲಾಕರ್ ಎಂಬ ಮಾತ್ರೆಗಳಿಂದ ಒಳ್ಳೆಯ ರಕ್ಷಣೆ ಸಿಗುತ್ತದೆ.

ಇಷ್ಟು ಓದಿ ಹೆದರಬೇಡಿ. ಇಸಿಜಿಯಲ್ಲಿ ಬ್ರುಗಾಡದ ಗುರುತು ಕಂಡವರೆಲ್ಲ ಸಾಯುವುದಿಲ್ಲ. ಯುರೋಪಿನಲ್ಲಿ 1029 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಯಾವ ಲಕ್ಷಣವೂ ಇಲ್ಲದವರಲ್ಲಿ ಹೃದಯ ಅಪಾಯಕ್ಕೆ ಸಿಕ್ಕಿದ್ದು ವರ್ಷಕ್ಕೆ 200 ಜನರಲ್ಲಿ ಒಬ್ಬರಿಗೆ. ಮೊದಲೇ ಪ್ರಜ್ಞೆ ತಪ್ಪಿದ್ದವರಲ್ಲಿ ಅದು ಸುಮಾರು 50ರಲ್ಲಿ ಒಬ್ಬರಿಗೆ. ಒಮ್ಮೆ ಹೃದಯ ನಿಂತು ಬದುಕಿ ಬಂದವರಲ್ಲಿ 13ರಲ್ಲಿ ಒಬ್ಬರಿಗೆ. ಅಂದರೆ ಲಕ್ಷಣವೇ ಇಲ್ಲದವರು ಹೆಚ್ಚಾಗಿ ಜ್ವರ, ಮಾತ್ರೆಗಳ ವಿಷಯದಲ್ಲಿ ಎಚ್ಚರದಿಂದ ಇದ್ದು, ಕಾಲಕಾಲಕ್ಕೆ ತೋರಿಸಿಕೊಂಡಿದ್ದರೆ ಸಾಕಾಗುತ್ತದೆ. ಪ್ರಜ್ಞೆ ತಪ್ಪಿದವರು ಮಾತ್ರ ಒಂದು ದಿನವೂ ತಡಮಾಡಬಾರದು.

ಅಪಾಯ ಹೆಚ್ಚಿರುವವರಿಗೆ ಎದೆಯ ಚರ್ಮದ ಕೆಳಗೆ ಐಸಿಡಿ ಎಂಬ ಸಣ್ಣ ಯಂತ್ರ ಇಡುತ್ತಾರೆ. ಹೃದಯ ಅದುರತೊಡಗಿದರೆ ಅದೇ ಶಾಕ್ ಕೊಟ್ಟು ಸರಿಮಾಡುತ್ತದೆ. ಥಾಯ್ಲೆಂಡಿನಲ್ಲಿ ಇಂಥ ರೋಗಿಗಳಿಗೇ ನಡೆಸಿದ, 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐಸಿಡಿ ಇದ್ದವರಲ್ಲಿ ಒಬ್ಬರೂ ಸಾಯಲಿಲ್ಲ. ಬರೀ ಮಾತ್ರೆಯಲ್ಲಿದ್ದವರಲ್ಲಿ ಸಾವುಗಳಾದವು. ಯಂತ್ರ ಲಕ್ಷಗಟ್ಟಲೆ ರೂಪಾಯಿಯದ್ದು, ಅದು ನಿಜ. ಕ್ವಿನಿಡಿನ್ ಎಂಬ ಹಳೆಯ ಔಷಧಿಯೂ ಕೆಲವರಿಗೆ ಉಪಯೋಗವಾಗುತ್ತದೆ. ಕ್ವಾಲಾಲಂಪುರದಲ್ಲಿ ಇದಕ್ಕೆ ತಜ್ಞರಿರುವ ಜಾಗ ಐಜೆಎನ್, ಅಂದರೆ ಇನ್‌ಸ್ಟಿಟ್ಯೂಟ್ ಜಂತುಂಗ್ ನೆಗಾರ. ನಮ್ಮ ನಾಡಿನಲ್ಲಿ ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಆಸ್ಪತ್ರೆಗಳು. ಮಂಗಳೂರಿನಲ್ಲೂ ಹೃದಯತಜ್ಞರಿಗೆ ಕೊರತೆ ಇಲ್ಲ. ಅಲ್ಲಿಯ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳಿಗೆ ಇಸಿಜಿ ಯಂತ್ರ ಮುಟ್ಟಿಸಿ, ತೆಗೆದ ಇಸಿಜಿಯನ್ನು ವಾಟ್ಸಾಪ್ ಮೂಲಕ ತಜ್ಞರು ನೋಡುವ ಏರ್ಪಾಡು ಮಾಡಿದ್ದನ್ನು ನೀವೂ ಕೇಳಿರುತ್ತೀರಿ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಕರ್ನಾಟಕ ಸರಕಾರ ‘ಹೃದಯ ಜ್ಯೋತಿ’ ಯೋಜನೆ ತಂದು ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಸೌಲಭ್ಯ ಮಾಡಿದೆ. ಆ ಯೋಜನೆ ಮುಖ್ಯವಾಗಿ ಹೃದಯಾಘಾತಕ್ಕೆ. ಆದರೆ ಇಸಿಜಿ ಯಂತ್ರಕ್ಕೆ ಎರಡೂ ಒಂದೇ. ಬೆಳ್ತಂಗಡಿಯಲ್ಲೋ ಬಂಟ್ವಾಳದಲ್ಲೋ ಇರುವವರು ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ.

ಹಾಗಾದರೆ ತಡೆಯುತ್ತಿರುವುದು ಏನು? ಹೆದರಿಕೆ. ಮಲೇಷ್ಯಾಕ್ಕೆ ಬರುವ ಕಾರ್ಮಿಕ ಫೊಮೆಮಾ ಪರೀಕ್ಷೆ ಪಾಸಾಗಬೇಕು. ಅದರ ಮುಖ್ಯ ಗುರಿ ಕ್ಷಯದಂಥ ಅಂಟುರೋಗ ಪತ್ತೆ ಮಾಡುವುದು. ಫಿಟ್ ಅಂತ ಬಂದರೆ ಕೆಲಸ, ಅನ್‌ಫಿಟ್ ಅಂತ ಬಂದರೆ ವಿಮಾನ. ಸಾಲ ಮಾಡಿ ಬಂದವನಿಗೆ ಆ ಒಂದು ಪದದ ಭಯ ಎಷ್ಟು ಅಂತ ನಮಗೆಲ್ಲ ಗೊತ್ತು. ಅದಕ್ಕೆ ತಲೆ ತಿರುಗಿ ಬಿದ್ದರೂ “ಊಟ ಮಾಡಿರಲಿಲ್ಲ” ಎನ್ನುತ್ತಾರೆ, ಎದೆ ಡಬಡಬ ಎಂದರೂ “ಗ್ಯಾಸ್” ಎನ್ನುತ್ತಾರೆ. ಫಿಟ್ ಅಂತ ಸಿಕ್ಕಿದ ಕಾಗದ ಹೃದಯದ ಕರೆಂಟಿನ ಬಗ್ಗೆ ಕೊಟ್ಟ ಗ್ಯಾರಂಟಿ ಅಲ್ಲ. ಹೆದರಿಕೆ ಇರುವವರಿಗೆ ಒಂದು ದಾರಿ ಉಂಟು. ಊರಿಗೆ ರಜೆಯಲ್ಲಿ ಹೋದಾಗ, ಅಥವಾ ಮೊದಲ ಸಲ ವಿಮಾನ ಹತ್ತುವ ಮುಂಚೆ, ಸ್ವಂತ ಖರ್ಚಿನಲ್ಲಿ ಒಂದು ಇಸಿಜಿ ತೆಗೆಸಿ. ಕೆಲವು ನೂರು ರೂಪಾಯಿ ಆಗುತ್ತದೆ. ಚಾಕಲೇಟ್, ಸೆಂಟ್ ತುಂಬಿದ ಬ್ಯಾಗಿನ ಎಕ್ಸೆಸ್ ಲಗೇಜಿಗೆ ಅದಕ್ಕಿಂತ ಹೆಚ್ಚು ಕೊಡುತ್ತೇವೆ. ಆ ಕಾಗದದ ಫೋಟೋ ಮೊಬೈಲಿನಲ್ಲೂ ಇರಲಿ, ಒಂದು ಪ್ರತಿ ಮನೆಯಲ್ಲೂ ಇರಲಿ. ಮುಂದೆ ಯಾವಾಗಲಾದರೂ ಹೋಲಿಸಿ ನೋಡಲು ಬೇಕಾಗುತ್ತದೆ.

ಇನ್ನು ನನ್ನ ಕಸುಬಿಗೆ ಹತ್ತಿರದ ಒಂದು ಮಾತು. ಮರಣ ಪತ್ರದಲ್ಲಿ ಏನು ಬರೆದಿದೆ ಎಂಬುದರ ಮೇಲೆ ಮನೆಯವರಿಗೆ ಏನು ಸಿಗುತ್ತದೆ ಎಂಬುದು ನಿಂತಿದೆ. ಭಾರತ ಸರಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ಸಿಗುವುದು ಅಪಘಾತದ ಸಾವಿಗೆ, ಸಹಜ ಸಾವಿಗೆ ಅಲ್ಲ. ಮಲೇಷ್ಯಾದಲ್ಲಿ ಪೆರ್ಕೆಸೊ ಎಂಬ ಸಾಮಾಜಿಕ ಭದ್ರತಾ ಸಂಸ್ಥೆಯ ಕೆಲಸದ ಗಾಯದ ಯೋಜನೆಗೆ 2019ರ ಜನವರಿ 1ರಿಂದ ವಿದೇಶಿ ಕಾರ್ಮಿಕರೂ ಸೇರಿದ್ದಾರೆ. ಅದು ಕೆಲಸದಿಂದಾದ ಸಾವು, ಗಾಯ, ಕಾಯಿಲೆಗೆ. ಕೆಲಸಕ್ಕೆ ಸಂಬಂಧವಿಲ್ಲದ ಸಾವಿಗೂ ನೆರವಾಗುವ ಇನ್ವಾಲಿಡಿಟಿ ಯೋಜನೆ ವಿದೇಶಿ ಕಾರ್ಮಿಕರಿಗೆ ವಿಸ್ತರಣೆಯಾದದ್ದು 2024ರ ಜುಲೈ 1ರಿಂದ. ಎಷ್ಟು ತಿಂಗಳು ಕಂತು ಕಟ್ಟಿರಬೇಕು ಎಂಬ ಷರತ್ತುಗಳಿವೆ. ಹಾಗಾಗಿ ಈ ತಿಂಗಳ ಸಂಬಳದ ಚೀಟಿ ತೆಗೆದು ನೋಡಿ. ಪೆರ್ಕೆಸೊ ಅಂತ ಕಡಿತ ಇದೆಯಾ? ಇದ್ದರೆ ನಿಮ್ಮ ಹೆಸರಲ್ಲಿ ನಿಜವಾಗಿ ಕಟ್ಟುತ್ತಿದ್ದಾರಾ? ಕೇಳುವುದು ನಿಮ್ಮ ಹಕ್ಕು. ಮನೆಯಾಕೆಗೆ ಆ ನಂಬರ್ ಕಳುಹಿಸಿಡಿ. ಇದ್ದತ್‌ನಲ್ಲಿ ಕೂತವಳು ಗಂಡನ ಕಾಗದಪತ್ರ ಹುಡುಕುತ್ತಾ ಅಳುವ ಹಾಗಾಗಬಾರದು. ಮಯ್ಯತ್ ಕಳುಹಿಸಲು ಯಾರೂ ಇಲ್ಲದಿದ್ದರೆ ಕ್ವಾಲಾಲಂಪುರದ ಭಾರತೀಯ ಹೈಕಮಿಷನ್‌ನಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಉಂಟು, ಅದನ್ನು ಕೇಳಬಹುದು.

ಇಲ್ಲೇ ಇನ್ನೊಂದು ಎಚ್ಚರಿಕೆ ಹೇಳಬೇಕು. ನಿದ್ದೆಯಲ್ಲಿ ಆದ ಸಾವುಗಳೆಲ್ಲ ಬ್ರುಗಾಡ ಅಲ್ಲ. ನಾಳ ಕಟ್ಟಿಕೊಂಡು ಆಗಿರಬಹುದು. ಬಿಸಿಲಿನಲ್ಲಿ ನೀರಿಲ್ಲದೆ ದುಡಿದು ಆಗಿರಬಹುದು. ವಾರಕ್ಕೆ ಏಳು ದಿನ, ದಿನಕ್ಕೆ ಹದಿನಾಲ್ಕು ಗಂಟೆ ಕೆಲಸ ಮಾಡಿಸಿಕೊಂಡದ್ದರಿಂದಲೂ ಆಗಿರಬಹುದು. “ಹುಟ್ಟಿನಿಂದ ಇದ್ದ ದೋಷ, ನಾವೇನು ಮಾಡುವುದು” ಅಂತ ಮಾಲೀಕರು ಕೈತೊಳೆದುಕೊಳ್ಳುವುದಕ್ಕೆ ಈ ರೋಗದ ಹೆಸರು ಸಿಗಬಾರದು. ಅದಕ್ಕಾಗಿಯೇ ಕಾರಣ ಏನು ಅಂತ ತಿಳಿಯುವ ಹಟ ಬೇಕು. ‘ಹಾರ್ಟ್ ಅಟ್ಯಾಕ್’, ‘ಸಹಜ ಸಾವು’ ಎಂಬ ಒಂದು ಸಾಲು ಎಲ್ಲವನ್ನೂ ಮುಚ್ಚುತ್ತದೆ. ರೋಗ ಇದ್ದರೆ ರೋಗವನ್ನೂ ಮುಚ್ಚುತ್ತದೆ, ಅನ್ಯಾಯ ಇದ್ದರೆ ಅನ್ಯಾಯವನ್ನೂ ಮುಚ್ಚುತ್ತದೆ. ಆಸ್ಪತ್ರೆಯ ವರದಿ, ಪೋಸ್ಟ್‌ಮಾರ್ಟಂ ಆಗಿದ್ದರೆ ಅದರ ಪ್ರತಿ, ಹಿಂದಿನ ಇಸಿಜಿ ಯಾವುದಾದರೂ ಇದ್ದರೆ ಅದು, ಕೊನೆಯ ತಿಂಗಳುಗಳ ಡ್ಯೂಟಿ ಸಮಯದ ವಿವರ ಇಷ್ಟನ್ನು ಜೊತೆಯವರು ಒಟ್ಟು ಮಾಡಿ ಮಯ್ಯತ್ ಜೊತೆಗೇ ಮನೆಗೆ ಮುಟ್ಟಿಸಬೇಕು. ನಾಲ್ಕು ದಿನ ಕಳೆದರೆ ಯಾರೂ ಕೊಡುವುದಿಲ್ಲ.

ಒಂದೇ ಕೋಣೆಯಲ್ಲಿ ಎಂಟು ಹತ್ತು ಮಂದಿ ಮಲಗುವವರಿಗೆ ಒಂದು ಮಾತು. ಹೃದಯ ಅದುರಲು ಶುರುವಾದವನು ಸುಮ್ಮನೆ ಮಲಗಿರುವುದಿಲ್ಲ. ಗೊರಕೆಯಂಥ ಕರ್ಕಶ ಶಬ್ದ, ನರಳಾಟ, ಉಸಿರಿಗೆ ಒದ್ದಾಟ, ಕೆಲವೊಮ್ಮೆ ಮಲಗಿದಲ್ಲೇ ಮೂತ್ರ ಹೋಗುವುದು. ಪಕ್ಕದವನು “ಏನೋ ಕನಸು ಬಿದ್ದಿರಬೇಕು” ಅಂತ ಮಗ್ಗುಲು ಬದಲಿಸುತ್ತಾನೆ. ಹಾಗೆ ಮಾಡಬೇಡಿ. ಎದ್ದು ಲೈಟ್ ಹಾಕಿ, ಭುಜ ಹಿಡಿದು ಅಲುಗಾಡಿಸಿ ಕರೆಯಿರಿ. ಎಚ್ಚರವಾಗದಿದ್ದರೆ, ಉಸಿರು ಸರಿಯಿಲ್ಲದಿದ್ದರೆ, ಒಬ್ಬರು 999ಕ್ಕೆ ಫೋನ್ ಮಾಡಿ, ಇನ್ನೊಬ್ಬರು ಅವನನ್ನು ಗಟ್ಟಿ ನೆಲದ ಮೇಲೆ ಮಲಗಿಸಿ ಎದೆಯ ನಡುವೆ ಎರಡೂ ಕೈ ಒಂದರ ಮೇಲೊಂದು ಇಟ್ಟು ಒತ್ತಿ. ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ. ಸುಸ್ತಾದರೆ ಇನ್ನೊಬ್ಬರು ಮುಂದುವರಿಸಿ. ಹತ್ತಿರದಲ್ಲಿ ಎಇಡಿ ಯಂತ್ರ ಇದ್ದರೆ ತರಿಸಿ, ಅದು ಏನು ಮಾಡಬೇಕು ಅಂತ ತಾನೇ ಹೇಳುತ್ತದೆ. ಆಂಬುಲೆನ್ಸ್ ಬರುವವರೆಗೆ ಕೈ ನಿಲ್ಲಿಸಬೇಡಿ. ಇದನ್ನು ಒಂದು ಶುಕ್ರವಾರ ಜುಮಾ ಮುಗಿದ ಮೇಲೆ ಅರ್ಧ ಗಂಟೆಯಲ್ಲಿ ಕಲಿಯಬಹುದು. ಪ್ರತಿ ಕೋಣೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ.

“ಆಯುಷ್ಯ ಅಲ್ಲಾಹನ ಕೈಯಲ್ಲಿ, ಇಸಿಜಿ ಎಂತಕ್ಕೆ?” ಅಂತ ಕೇಳುವವರು ಇದ್ದಾರೆ. ಅಜಲ್ ಅವನದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್ ಅಂತ ಮದ್ರಸದಲ್ಲೇ ಕಲಿತವರು ನಾವು. ಕಟ್ಟುವ ಹಗ್ಗ ಕೈಯಲ್ಲಿದ್ದೂ ಬಿಟ್ಟರೆ ಅದು ತವಕ್ಕುಲ್ ಅಲ್ಲ, ಉದಾಸೀನ.

ಊರಿನ ಜಮಾಅತ್‌ಗಳಲ್ಲಿ ಒಂದು ವಿನಂತಿ. ಹೊರದೇಶದಲ್ಲಿ ಹೋದವನಿಗೆ ಗಾಯಿಬ್ ನಮಾಝ್ ಮಾಡುತ್ತೀರಿ, ಯತೀಂ ಮಕ್ಕಳಿಗೆ ಪುಸ್ತಕ ಬಟ್ಟೆ ಕೊಡುತ್ತೀರಿ. ಅಲ್ಲಾಹನು ಸ್ವೀಕರಿಸಲಿ. ಅದರ ಜೊತೆಗೆ ನಲವತ್ತು ದಿನ ಕಳೆಯುವುದರೊಳಗೆ ಆ ಮನೆಯವರನ್ನೆಲ್ಲ ಒಮ್ಮೆ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸಿ. ಒಂದು ರಿಕ್ಷಾದ ಬಾಡಿಗೆ, ಒಂದು ಬೆಳಗಿನ ಹೊತ್ತು. ಇಲ್ಲಿ ದುಡಿಯುವವರು, ಈ ವಾರ ಮನೆಗೆ ಫೋನ್ ಮಾಡಿದಾಗ ಒಂದು ಪ್ರಶ್ನೆ ಕೇಳಿ: “ನಮ್ಮ ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ನಿದ್ದೆಯಲ್ಲಿ ಹೋದದ್ದುಂಟಾ?” ಉಮ್ಮ ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಕಾಕನದ್ದೋ ಇಕ್ಕನದ್ದೋ ಒಂದು ಹೆಸರು ಹೇಳಿದರೆ, ಮರುದಿನವೇ ಇಸಿಜಿಗೆ ಹೊರಡಿ.